ಪ್ಲಸ್-ಮೈನಸ್ ಬಿಟ್ಟು ನಂಬರ್ ಕೊಡಬೇಡ

ನೋಡಮ್ಮ, ಕೌಂಟಿಯ ಪ್ಲ್ಯಾನಿಂಗ್ ಕಚೇರಿಗೆ ಸೇರಿ ಇನ್ನೂ ಕುರ್ಚಿ ಬಿಸಿಯಾಗಿಲ್ಲ, ಆಗಲೇ ನಿನ್ನ ಮೇಲಿನವರು “ನಮ್ಮ ಕೌಂಟಿಯ ಮೀಡಿಯನ್ ಹೌಸ್‌ಹೋಲ್ಡ್ ಇನ್‌ಕಮ್ ಎಷ್ಟು? ಶುಕ್ರವಾರದೊಳಗೆ ಬರೆದುಕೊಡು” ಅಂದಿದ್ದಾರೆ. ನೀನು ಹುಡುಕಿದ್ದೀಯ, ಮೂರು ಕಡೆ ಮೂರು ನಂಬರ್ ಸಿಕ್ಕಿವೆ, ಯಾವುದು ಸರಿ ಮಾವ ಅಂತ ಕೇಳುತ್ತಿದ್ದೀಯ. ಮೂರೂ ಸರಿ ಇರಬಹುದು. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಕೆಲಸದಿಂದ ನಿವೃತ್ತನಾದವನಿಗೆ ಬರೆಯಲು ಹೊತ್ತೂ ಇರುತ್ತದೆ, ಉಪದೇಶ ಮಾಡುವ ಚಪಲವೂ ಇರುತ್ತದೆ. ಎರಡನ್ನೂ ಸಹಿಸಿಕೋ.

ನಿನ್ನ ಕೌಂಟಿ ಬಿಡು, ಇಡೀ ಅಮೆರಿಕಕ್ಕೇ ಒಂದೇ ವರ್ಷಕ್ಕೆ ಮೂರು ನಂಬರ್ ಇವೆ. 2023ಕ್ಕೆ ಕರೆಂಟ್ ಪಾಪ್ಯುಲೇಶನ್ ಸರ್ವೆಯ ಲೆಕ್ಕ 80,610 ಡಾಲರ್. ಅಮೆರಿಕನ್ ಕಮ್ಯುನಿಟಿ ಸರ್ವೆ, ಅಂದರೆ ನೀವೆಲ್ಲ ಎಸಿಎಸ್ ಅನ್ನುವುದು, ಅದರ ಒಂದು ವರ್ಷದ ಲೆಕ್ಕ 77,719. ಅದೇ ಎಸಿಎಸ್‌ನ 2019–2023ರ ಐದು ವರ್ಷದ ಲೆಕ್ಕ 78,538. ಮೂರನ್ನೂ ಹೊರತರುವುದು ಅದೇ ಸೆನ್ಸಸ್ ಬ್ಯೂರೋ. ಯಾರೂ ಸುಳ್ಳು ಹೇಳುತ್ತಿಲ್ಲ. ಮೊದಲನೆಯ ಸರ್ವೆಯವರು ವಸಂತದ ಆಸುಪಾಸಿನಲ್ಲಿ ಜನರನ್ನು ಮಾತಾಡಿಸಿ, ಹಿಂದಿನ ಕ್ಯಾಲೆಂಡರ್ ವರ್ಷದ ಆದಾಯವನ್ನು ಬಿಡಿಬಿಡಿಯಾಗಿ ಕೇಳುತ್ತಾರೆ. ಆದರೆ ಅವರದು ದೇಶಕ್ಕೆಲ್ಲ ಸೇರಿ ಲಕ್ಷಕ್ಕೂ ಕಡಿಮೆ ವಿಳಾಸ, ಕೌಂಟಿ ಮಟ್ಟಕ್ಕೆ ಇಳಿದರೆ ಅದರಲ್ಲಿ ಏನೂ ಉಳಿಯುವುದಿಲ್ಲ. ಎಸಿಎಸ್ ವರ್ಷಕ್ಕೆ ಸುಮಾರು 35 ಲಕ್ಷ ವಿಳಾಸ ಮುಟ್ಟುತ್ತದೆ, ಆದರೆ ಪ್ರಶ್ನೆ ಚುಟುಕು, ಮತ್ತು ಅದು ಕೇಳುವುದು “ಕಳೆದ 12 ತಿಂಗಳಲ್ಲಿ ಎಷ್ಟು ಬಂತು” ಎಂದು. ವರ್ಷವಿಡೀ ತಿಂಗಳುತಿಂಗಳೂ ಈ ಪ್ರಶ್ನೆ ಹೋಗುತ್ತದೆ. 2023ರ ಜನವರಿಯಲ್ಲಿ ಉತ್ತರಿಸಿದವರು ಹೇಳಿದ್ದು ಬಹುಪಾಲು 2022ರ ಸಂಬಳ, ಡಿಸೆಂಬರಿನವರು ಹೇಳಿದ್ದು ಬಹುಪಾಲು 2023ರದ್ದು. ಹಾಗಾಗಿ “2023ರ ಎಸಿಎಸ್” ಎನ್ನುವ ನಂಬರಿನೊಳಗೆ 23 ತಿಂಗಳ ಹಣ ಬೆರೆತಿರುತ್ತದೆ. ಡಾಲರ್ ಬೆಲೆಯನ್ನು ಹಣದುಬ್ಬರಕ್ಕೆ ಸರಿಹೊಂದಿಸಿರುತ್ತಾರೆ, ಕೆಲಸ ಕಳೆದುಕೊಂಡದ್ದು ಯಾವ ತಿಂಗಳು ಎನ್ನುವುದನ್ನು ಹೊಂದಿಸಲು ಬರುವುದಿಲ್ಲ.

ಯಾರ ಆದಾಯ, ಯಾವ ಆದಾಯ ಎನ್ನುವುದನ್ನೂ ಗಟ್ಟಿಮಾಡಿಕೋ. ಹೌಸ್‌ಹೋಲ್ಡ್ ಅಂದರೆ ಒಂದು ಮನೆಯಲ್ಲಿ ವಾಸವಿರುವ ಎಲ್ಲರೂ: ಗಂಡ ಹೆಂಡತಿ ಮಕ್ಕಳೂ ಸೈ, ಬಾಡಿಗೆ ಹಂಚಿಕೊಂಡ ನಾಲ್ಕು ಜನ ಸ್ನೇಹಿತರೂ ಸೈ, ಒಂಟಿ ಅಜ್ಜಿಯೂ ಸೈ. ಫ್ಯಾಮಿಲಿ ಅಂದರೆ ರಕ್ತಸಂಬಂಧವೋ ಮದುವೆಯೋ ದತ್ತುವೋ ಇರುವ ಇಬ್ಬರಾದರೂ ಇರಬೇಕು. ಒಂಟಿಯಾಗಿರುವವರು ಹೊರಗುಳಿಯುವುದರಿಂದ ಫ್ಯಾಮಿಲಿ ಮೀಡಿಯನ್ ಸಾಮಾನ್ಯವಾಗಿ ಹೆಚ್ಚೇ ಇರುತ್ತದೆ. ವಸತಿ ಇಲಾಖೆಯಾದ ಹಡ್ ತನ್ನ ಅರ್ಹತೆಯ ಮಿತಿಗಳನ್ನು, ಅಂದರೆ ಶೇ. 80, ಶೇ. 50 ಎಂಬ ಗೆರೆಗಳನ್ನು, ಕಟ್ಟುವುದು ಫ್ಯಾಮಿಲಿ ಮೀಡಿಯನ್ನಿನಿಂದ. ಒಂದರ ಜಾಗದಲ್ಲಿ ಇನ್ನೊಂದನ್ನು ಬರೆದ ಅರ್ಜಿಗಳು ವಾಪಸ್ ಬಂದದ್ದನ್ನು ನಾನು ಸಾಕಷ್ಟು ನೋಡಿದ್ದೇನೆ. ಲೆಕ್ಕಕ್ಕೆ ಬರುವುದು 15 ವರ್ಷ ಮತ್ತು ಮೇಲ್ಪಟ್ಟವರ, ತೆರಿಗೆ ಕಟ್ಟುವುದಕ್ಕೆ ಮೊದಲಿನ ನಗದು ಆದಾಯ. ಸಂಬಳ, ಸ್ವಂತ ವ್ಯಾಪಾರ, ಬಡ್ಡಿ, ಬಾಡಿಗೆ, ಸೋಶಿಯಲ್ ಸೆಕ್ಯುರಿಟಿ, ಪಿಂಚಣಿ ಬರುತ್ತವೆ. ಷೇರೋ ಜಮೀನೋ ಮಾರಿದ ಲಾಭ, ಆಹಾರದ ನೆರವಾದ ಸ್ನ್ಯಾಪ್, ಕಂಪನಿ ಕಟ್ಟುವ ಆರೋಗ್ಯ ವಿಮೆ ಬರುವುದಿಲ್ಲ.

ಕಾಲೇಜು ಊರುಗಳಲ್ಲಿ ಈ ವ್ಯಾಖ್ಯೆಗಳು ಆಡುವ ಆಟ ನೋಡಬೇಕು. ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿ ಹೌಸ್‌ಹೋಲ್ಡ್ ಲೆಕ್ಕಕ್ಕೇ ಇಲ್ಲ. ಅವನೇ ಮೂರನೇ ವರ್ಷಕ್ಕೆ ಗೆಳೆಯರ ಜೊತೆ ಹೊರಗೆ ಮನೆ ಹಿಡಿದರೆ ತಕ್ಷಣ ಒಂದು ಬಡ ಹೌಸ್‌ಹೋಲ್ಡ್ ಹುಟ್ಟಿತು. ಅಪ್ಪ ನೇರವಾಗಿ ಕಾಲೇಜಿಗೆ ಕಟ್ಟುವ ಫೀಸು ಯಾವ ಕಾಲಮ್ಮಿಗೂ ಬೀಳುವುದಿಲ್ಲ. ಓಹಾಯೋ ವಿಶ್ವವಿದ್ಯಾಲಯ ಇರುವ ಅಥೆನ್ಸ್ ಕೌಂಟಿಯ ಅಂಕಿ ನೋಡಿ “ಎಂಥಾ ಬಡತನ” ಎಂದು ಉದ್ಗರಿಸುವವರಿದ್ದಾರೆ. ಅಪಲಾಚಿಯಾದ ಆ ಮೂಲೆಯಲ್ಲಿ ನಿಜವಾದ ಬಡತನ ಇದ್ದೇ ಇದೆ, ಆದರೆ ಅದು ಎಷ್ಟು, ವಿದ್ಯಾರ್ಥಿಗಳದ್ದು ಎಷ್ಟು ಎಂದು ಬಿಡಿಸದೆ ಮಾತಾಡಬಾರದು. ನಿನ್ನ ಕೌಂಟಿಯಲ್ಲೂ ಒಂದು ಕಾಲೇಜಿದೆ ಅಂದೆಯಲ್ಲ, ಮೊದಲು ಅದನ್ನು ನೋಡು.

ಆದಾಯದ ಸಾಲಿನಲ್ಲಿ ನಡುವೆ ನಿಲ್ಲುವ ಮನೆಯ ಅಂಕಿಯಾದ ಮೀಡಿಯನ್ ಯಾಕೆ, ಸರಾಸರಿ ಯಾಕಲ್ಲ ಎನ್ನುವುದು ನಿನಗೆ ಗೊತ್ತು, ನಿನ್ನ ಕಮಿಷನರ್‌ಗಳಿಗೆ ಗೊತ್ತಿರುವುದಿಲ್ಲ. ಅವರಿಗೆ ವಯೋಮಿಂಗಿನ ಟೀಟನ್ ಕೌಂಟಿಯ ಉದಾಹರಣೆ ಕೊಡು. ಆರ್ಥಿಕ ವಿಶ್ಲೇಷಣಾ ಬ್ಯೂರೋದ ತಲಾ ಆದಾಯದ ಪಟ್ಟಿಯಲ್ಲಿ ಅದು ದೇಶಕ್ಕೇ ಮೊದಲು, ತಲೆಗೆ 2 ಲಕ್ಷ ಡಾಲರ್ ದಾಟಿದೆ, ಹಸುಗೂಸುಗಳನ್ನೂ ಸೇರಿಸಿ. ಜ್ಯಾಕ್ಸನ್ ಕಣಿವೆಗೆ ಬಂದು ನೆಲೆಸಿದ ಕೋಟ್ಯಧಿಪತಿಗಳ ಡಿವಿಡೆಂಡು, ಬಡ್ಡಿ ಎಲ್ಲ ಅದರಲ್ಲಿ ತುಂಬಿದೆ. ಅಲ್ಲಿನ ನಡುಮಧ್ಯದ ಮನೆಯ ಆದಾಯ ಕೇಳಿದರೆ 1 ಲಕ್ಷ ಡಾಲರಿನ ಆಸುಪಾಸಿಗೆ ಇಳಿಯುತ್ತದೆ. ಮತ್ತೆ ಹೋಟೆಲಿನಲ್ಲಿ ಹಾಸಿಗೆ ಮಡಚುವವರು, ಅಡಿಗೆ ಮಾಡುವವರು ಎಷ್ಟೋ ಜನ ಆ ಕೌಂಟಿಯಲ್ಲೇ ಇಲ್ಲ. ಘಟ್ಟ ದಾಟಿ ಐಡಹೋ ಕಡೆಯಿಂದ ದಿನಾ ಬಂದು ಹೋಗುತ್ತಾರೆ. ಅವರ ಆದಾಯ ಅವರು ಮಲಗುವ ಕೌಂಟಿಯ ಲೆಕ್ಕಕ್ಕೆ. ಬಡವರು ಬಾಡಿಗೆ ಕಟ್ಟಲಾಗದೆ ಹೊರಗೆ ಹೋದರೂ ಕೌಂಟಿಯ ಮೀಡಿಯನ್ ಏರುತ್ತದೆ, ಯಾರ ಸಂಬಳವೂ ಒಂದು ಕಾಸು ಹೆಚ್ಚದೆ.

ಈಗ ನಿನ್ನ ನಿಜವಾದ ತಲೆನೋವಿಗೆ ಬರೋಣ. ವರ್ಜೀನಿಯಾದ ಲೌಡನ್ ಕೌಂಟಿಯಲ್ಲಿ, ನಮ್ಮ ಜನ ಗಿಜಿಗುಡುವ ಆ್ಯಶ್‌ಬರ್ನ್ ಇರುವ ಕಡೆ, ಮೀಡಿಯನ್ 1.5 ಲಕ್ಷ ಡಾಲರ್ ದಾಟಿದೆ. ಅದನ್ನು ಧೈರ್ಯವಾಗಿ ಹೇಳಬಹುದು, ಯಾಕೆಂದರೆ ಅಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನರಿದ್ದಾರೆ, ಸಾವಿರಾರು ಮನೆಗಳು ಸರ್ವೆಗೆ ಉತ್ತರಿಸುತ್ತವೆ. ನಿನ್ನ ಕೌಂಟಿಯಲ್ಲಿ 5,000 ಮನೆ. ದೇಶದ ಲೆಕ್ಕದಲ್ಲಿ ಎಸಿಎಸ್ ವರ್ಷಕ್ಕೆ ಸುಮಾರು ನಲವತ್ತಕ್ಕೊಂದು ಮನೆ ಆರಿಸುತ್ತದೆ. ಸಣ್ಣ ಜಾಗಗಳಲ್ಲಿ ದರ ತುಸು ಹೆಚ್ಚಿಡುತ್ತಾರೆ, ಆದರೂ ಅದೇ ದರ ಹಿಡಿದರೆ 125 ವಿಳಾಸ. ಅದರಲ್ಲಿ ಖಾಲಿ ಮನೆ ಕಳೆ, ಉತ್ತರ ಕೊಡದವರನ್ನು ಕಳೆ. ಒಂದಗುಳು ಹಿಸುಕಿ ಅನ್ನ ಬೆಂದಿದೆ ಅನ್ನುವ ನಮ್ಮ ಅಜ್ಜಿಯರ ಲೆಕ್ಕ ಒಂದೇ ಹದದಲ್ಲಿ ಬೇಯುವ ಪಾತ್ರೆಗೆ ಸರಿ. ಕೆರೆದಂಡೆಯ ಬಂಗಲೆ, ಹೈವೇ ಪಕ್ಕದ ಟ್ರೈಲರ್ ಪಾರ್ಕು, ಸಾವಿರ ಎಕರೆ ಜೋಳದ ಹೊಲದ ನಡುವಿನ ಒಂಟಿ ಮನೆ ಎಲ್ಲ ಇರುವ ಕೌಂಟಿಗೆ ಅಗುಳು ಬಹಳ ಬೇಕು. ಅದಕ್ಕೇ 65,000 ಜನಸಂಖ್ಯೆ ಇಲ್ಲದ ಕಡೆಗೆ ಒಂದು ವರ್ಷದ ಎಸಿಎಸ್‌ನ ಮಾಮೂಲಿ ಕೋಷ್ಟಕಗಳನ್ನು ಬ್ಯೂರೋ ಪ್ರಕಟಿಸುವುದಿಲ್ಲ. ಮೂರು ಸಾವಿರದ ಚಿಲ್ಲರೆ ಕೌಂಟಿಗಳಲ್ಲಿ ಆ ಗೆರೆ ದಾಟುವುದು ಕಾಲುಭಾಗಕ್ಕಿಂತ ತುಸು ಹೆಚ್ಚು, ಅಷ್ಟೆ. ನಿಮ್ಮಂಥ ಸಣ್ಣ ಕೌಂಟಿಗಳಿಗೆ ಐದು ವರ್ಷದ ಉತ್ತರಗಳನ್ನು ಒಟ್ಟುಹಾಕಿದ ಅಂಕಿಯೇ ಗತಿ. 2020ರ ಜನಗಣತಿಯಲ್ಲಿ 64 ಜನ ಸಿಕ್ಕ ಟೆಕ್ಸಾಸಿನ ಲವಿಂಗ್ ಕೌಂಟಿಗೂ ಹಾಗೇ ಒಂದು ಸಾಲು ಇರುತ್ತದೆ ಅಂದರೆ ಊಹಿಸಿಕೋ.

ಐದು ವರ್ಷ ಒಟ್ಟು ಹಾಕಿದರೆ ಅಗುಳು ಹೆಚ್ಚುತ್ತದೆ, ಕಾಲ ಮಸುಕಾಗುತ್ತದೆ. ನಾರ್ತ್ ಡಕೋಟಾದ ಮೆಕೆಂಜಿ ಕೌಂಟಿಯನ್ನು ತೆಗೆದುಕೋ. ಬಾಕನ್ ಶಿಲೆಯಿಂದ ಎಣ್ಣೆ ಎತ್ತಲು ಶುರುವಾದ ಮೇಲೆ 2010ರಲ್ಲಿ 6,360 ಇದ್ದ ಜನಸಂಖ್ಯೆ 2020ರ ಹೊತ್ತಿಗೆ 14,704 ಆಯಿತು. ನಡುವೆ 2014ರ ಕೊನೆಗೆ ಎಣ್ಣೆಯ ಬೆಲೆ ಕುಸಿಯಿತು. ಅಂಥ ಊರಿನ 2012–2016ರ ಅಂಕಿಯೊಳಗೆ ಏರಿದ ಕಾಲವೂ ಇದೆ, ಇಳಿದ ಕಾಲವೂ ಇದೆ. ಅದು ಯಾವ ವರ್ಷದ ಬದುಕನ್ನೂ ಹೇಳುವುದಿಲ್ಲ. ಅದರ ಪಕ್ಕ 2013–2017ರದ್ದನ್ನು ಇಟ್ಟು “ನೋಡಿ, ಒಂದು ವರ್ಷದಲ್ಲಿ ಇಷ್ಟು ಬದಲಾಯಿತು” ಅನ್ನುವುದು ಇನ್ನೂ ದೊಡ್ಡ ತಪ್ಪು. ಎರಡರಲ್ಲೂ ನಾಲ್ಕು ವರ್ಷ ಒಂದೇ. ಹೋಲಿಸಬೇಕಾದರೆ ಒಂದರ ಮೇಲೊಂದು ಬೀಳದ ಅವಧಿಗಳನ್ನು ಆರಿಸಿ, ಹಳೆಯದನ್ನು ಹೊಸ ಡಾಲರ್ ಬೆಲೆಗೆ ತಂದುಕೊಂಡು ಹೋಲಿಸು.

ಪ್ರತಿ ಎಸಿಎಸ್ ನಂಬರಿನ ಪಕ್ಕ ಸಣ್ಣಕ್ಷರದಲ್ಲಿ ಒಂದು ಪ್ಲಸ್-ಮೈನಸ್ ಇರುತ್ತದೆ. ಜನ ಅದನ್ನು ಮೊದಲು ಅಳಿಸುತ್ತಾರೆ, ಕೋಷ್ಟಕ ಚೆನ್ನಾಗಿ ಕಾಣಲಿ ಅಂತ. ನೀನು ಅದನ್ನೇ ಮೊದಲು ಓದು. ಅದು ಶೇ. 90ರ ಮಟ್ಟದ್ದು, 1.645ರಿಂದ ಭಾಗಿಸಿದರೆ ಸ್ಟ್ಯಾಂಡರ್ಡ್ ಎರರ್, ಅಂದರೆ ಸ್ಯಾಂಪಲ್ಲಿನಿಂದಾಗುವ ಏರುಪೇರಿನ ಅಳತೆ, ಸಿಗುತ್ತದೆ. ನಿನ್ನ ಕೌಂಟಿ 48,000, ಪ್ಲಸ್-ಮೈನಸ್ 6,000. ಪಕ್ಕದ ಕೌಂಟಿ 53,000, ಪ್ಲಸ್-ಮೈನಸ್ 4,000 ಎಂದಿಟ್ಟುಕೋ. ವ್ಯತ್ಯಾಸ 5,000. ಎರಡೂ ಪ್ಲಸ್-ಮೈನಸ್‌ಗಳನ್ನು ವರ್ಗ ಮಾಡಿ, ಕೂಡಿ, ವರ್ಗಮೂಲ ತೆಗೆದರೆ ಸುಮಾರು 7,200 ಬರುತ್ತದೆ. ವ್ಯತ್ಯಾಸ ಅದಕ್ಕಿಂತ ಚಿಕ್ಕದು. ಅಂದರೆ ಪಕ್ಕದವರು ನಿಮಗಿಂತ ಅನುಕೂಲಸ್ಥರು ಎಂದು ಈ ಅಂಕಿಗಳಿಂದ ಹೇಳಲು ಬರುವುದಿಲ್ಲ. ನಾನು ಕೆಲಸ ಮಾಡುತ್ತಿದ್ದ ಕಡೆ ಒಂದು ಪತ್ರಿಕೆ ವರ್ಷವರ್ಷವೂ ಕೌಂಟಿಗಳಿಗೆ ರ‍್ಯಾಂಕ್ ಕಟ್ಟಿ ಅಚ್ಚು ಹಾಕುತ್ತಿತ್ತು. ಹತ್ತಿಪ್ಪತ್ತು ಸ್ಥಾನ ಏರಿದವರು ಹಿಗ್ಗುತ್ತಿದ್ದರು, ಇಳಿದವರ ಕಮಿಷನರ್‌ಗಳು ನಮಗೆ ಫೋನ್ ಮಾಡಿ ಬೈಯುತ್ತಿದ್ದರು. ಬಹುಪಾಲು ಏರಿಳಿತ ಈ ಪ್ಲಸ್-ಮೈನಸ್ಸಿನೊಳಗಿನ ಹೊಯ್ದಾಟ. ರ‍್ಯಾಂಕ್ ಕೇಳಿದರೆ ಕೊಡಬೇಡ. ಒತ್ತಾಯ ಮಾಡಿದರೆ, ಮೇಲಿನ ಗುಂಪು, ನಡುವಿನ ಗುಂಪು, ಕೆಳಗಿನ ಗುಂಪು ಎಂದು ಮೂರು ಭಾಗ ಮಾಡಿ ಕೊಡು.

ನಿನ್ನ ಕೌಂಟಿಗೆ ನಿನಗೆ ಸಿಕ್ಕ ಮೂರು ನಂಬರುಗಳಲ್ಲಿ ಒಂದು ಎಸ್‌ಎಐಪಿಇ ಎಂಬುದರದ್ದು, ಸಣ್ಣ ಪ್ರದೇಶಗಳ ಆದಾಯ ಮತ್ತು ಬಡತನದ ಅಂದಾಜು. ನನಗೆ ತುಂಬ ಇಷ್ಟವಾದ ಕೆಲಸ ಇದು, ಅದಕ್ಕೇ ಸ್ವಲ್ಪ ಉದ್ದ ಹೇಳುತ್ತೇನೆ. ಬಡ ಮಕ್ಕಳಿರುವ ಶಾಲೆಗಳಿಗೆ ಟೈಟಲ್ 1 ಎಂಬ ಕೇಂದ್ರದ ಹಣ ಹಂಚಬೇಕು. ಹಂಚುವುದಕ್ಕೆ ಹತ್ತು ವರ್ಷಕ್ಕೊಮ್ಮೆ ಬರುವ ಜನಗಣತಿ ಸಾಲದು ಎಂದು 1994ರ ಶಿಕ್ಷಣ ಕಾಯ್ದೆ ಹೊಸ ಅಂದಾಜು ಕೇಳಿತು. ಬ್ಯೂರೋ 1993ರ ಅಂಕಿಯಿಂದ ಶುರುಮಾಡಿತು. ಆಗ ಆಧಾರ ಕರೆಂಟ್ ಪಾಪ್ಯುಲೇಶನ್ ಸರ್ವೆಯೇ; ಎಷ್ಟೋ ಕೌಂಟಿಗಳಿಂದ ಒಂದು ಮನೆಯೂ ಅದರಲ್ಲಿ ಇರುತ್ತಿರಲಿಲ್ಲ. 2005ರ ಅಂಕಿಯಿಂದ ಎಸಿಎಸ್‌ಗೆ ಬದಲಾಯಿಸಿದರು. ಈಗ ಪ್ರತಿವರ್ಷ, ಸಾಮಾನ್ಯವಾಗಿ ಡಿಸೆಂಬರಿನಲ್ಲಿ, ಬಹುತೇಕ ಪ್ರತಿ ಕೌಂಟಿಗೂ ಒಂದೇ ವರ್ಷದ ಮೀಡಿಯನ್ ಬರುತ್ತದೆ.

65,000 ಜನ ಇಲ್ಲದ ಕಡೆ ಒಂದು ವರ್ಷದ್ದು ಹೇಳಬಾರದು ಅಂದವರೇ ಹೇಗೆ ಹೇಳುತ್ತಾರೆ? ಸಾಲ ಮಾಡಿ. ಸರ್ವೆ ಒಬ್ಬಂಟಿಯಾಗಿ ನಿಲ್ಲಲಾರದ ಕಡೆ, ಬೇರೆ ಕಡೆಯ ಮಾಹಿತಿಯಿಂದ ಬಲ ತರುತ್ತಾರೆ. ತೆರಿಗೆ ಇಲಾಖೆಯಲ್ಲಿ ಆ ಕೌಂಟಿಯ ಎಲ್ಲ ರಿಟರ್ನ್‌ಗಳ ಸಾರಾಂಶ ಇದೆ, ಅದು ಸ್ಯಾಂಪಲ್ ಅಲ್ಲ. ಆರ್ಥಿಕ ವಿಶ್ಲೇಷಣಾ ಬ್ಯೂರೋದ ಬಳಿ ಒಟ್ಟು ಆದಾಯ, ಅದರಲ್ಲಿ ಸರ್ಕಾರದ ನೆರವಿನ ಪಾಲು ಇದೆ. ಹಿಂದಿನ ದೊಡ್ಡ ಸಮೀಕ್ಷೆಯ ಅಂಕಿ ಇದೆ. ಇವಕ್ಕೂ ಸರ್ವೆಯ ಮೀಡಿಯನ್ನಿಗೂ ದೇಶದ ಎಲ್ಲ ಕೌಂಟಿಗಳಲ್ಲಿ ಯಾವ ಸಂಬಂಧ ಕಾಣುತ್ತದೆ ಎಂದು ರಿಗ್ರೆಶನ್ ಕಟ್ಟಿ, ನಿನ್ನ ಕೌಂಟಿಗೆ ಎಷ್ಟಿರಬೇಕಿತ್ತು ಎಂದು ಲೆಕ್ಕ ಹಾಕುತ್ತಾರೆ. ಆಮೇಲೆ ಆ ಲೆಕ್ಕವನ್ನೂ ನೇರ ಸರ್ವೆಯನ್ನೂ ಬೆರೆಸುತ್ತಾರೆ, ಯಾವುದು ಎಷ್ಟು ನಂಬಿಕಸ್ಥವೋ ಅಷ್ಟು ತೂಕ ಕೊಟ್ಟು.

ಕೈಯಲ್ಲಿ ಒಮ್ಮೆ ಮಾಡಿ ನೋಡು. ನೇರ ಸರ್ವೆ 40,000 ಅನ್ನುತ್ತದೆ, ಅದರ ಸ್ಟ್ಯಾಂಡರ್ಡ್ ಎರರ್ 6,000. ಮಾಡೆಲ್ 52,000 ಅನ್ನುತ್ತದೆ, ಅದರ ತಪ್ಪಿನ ಅಳತೆ 3,000. ಸಾವಿರದ ಲೆಕ್ಕದಲ್ಲಿ ವರ್ಗ ಮಾಡಿದರೆ 36 ಮತ್ತು 9. ಸರ್ವೆಗೆ ಸಿಗುವ ತೂಕ 45ರಲ್ಲಿ 9, ಅಂದರೆ ಐದರಲ್ಲಿ ಒಂದು ಪಾಲು. ಬೆರೆಸಿದರೆ 49,600. ದೊಡ್ಡ ಕೌಂಟಿಯಲ್ಲಿ ಸರ್ವೆಯ ಸ್ಟ್ಯಾಂಡರ್ಡ್ ಎರರ್ 500 ಮಾತ್ರ ಆಗಿದ್ದರೆ ಸರ್ವೆಗೇ ಶೇ. 97 ತೂಕ, ಮಾಡೆಲ್ ಮೂಲೆಯಲ್ಲಿ ಕೂರುತ್ತದೆ. ಬ್ಯೂರೋದವರು ಇದನ್ನು ಡಾಲರಿನಲ್ಲಿ ಅಲ್ಲ, ಲಾಗರಿದಮ್ಮಿನಲ್ಲಿ ಮಾಡುತ್ತಾರೆ, ಉಪಾಯ ಇದೇ. 1979ರಲ್ಲಿ ರಾಬರ್ಟ್ ಫೇ ಮತ್ತು ರೋಜರ್ ಹೆರಿಯಟ್ ಇಬ್ಬರೂ ಇದನ್ನು ತೋರಿಸಿಕೊಟ್ಟರು. ಕೇಂದ್ರದ ವರಮಾನ ಹಂಚಿಕೆಗೆ ಸಾವಿರ ಜನವೂ ಇಲ್ಲದ ಸಣ್ಣ ಊರುಗಳ ತಲಾ ಆದಾಯ ಬೇಕಿತ್ತು, ಜನಗಣತಿಯ ಸ್ಯಾಂಪಲ್ ಸಾಲುತ್ತಿರಲಿಲ್ಲ. ಇವತ್ತು ಜಗತ್ತಿನ ಎಲ್ಲಿ ಸಣ್ಣ ಪ್ರದೇಶದ ಅಂದಾಜು ನಡೆದರೂ ಆ ಇಬ್ಬರ ಹೆಸರು ಬರುತ್ತದೆ. ಅಂದಹಾಗೆ, ಈ ಬೆರಕೆಯ ಗುಟ್ಟೆಲ್ಲ ಇರುವುದು ಯಾವ ಮೂಲದಿಂದ ಎಷ್ಟು ಏರುಪೇರು ಬರುತ್ತಿದೆ ಎಂದು ಬಿಡಿಸಿ ಅಳೆಯುವುದರಲ್ಲಿ. ಹಾಗೆ ಬಿಡಿಸುವ ವಿಧಾನಗಳಲ್ಲಿ ಒಂದನ್ನು ಕೊಟ್ಟವರು 1920ರಲ್ಲಿ ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ.ಆರ್. ರಾವ್. ನಿನ್ನ ಅಮ್ಮನಿಗೆ ಹೇಳು, ಬಳ್ಳಾರಿ ಕಡೆಯವರು ಅಂದರೆ ಅವಳಿಗೆ ಖುಷಿಯಾಗುತ್ತದೆ.

ಆದರೆ ಮಾಡೆಲ್ಲಿಗೆ ಶರಣಾಗಬೇಡ. ತೆರಿಗೆ ರಿಟರ್ನ್ ಮತ್ತು ಮನೆ ಒಂದೇ ಅಲ್ಲ. ಒಂದೇ ಸೂರಿನಡಿ ಮಗ ಬೇರೆ ರಿಟರ್ನ್ ಹಾಕುತ್ತಾನೆ, ಅಪ್ಪ ಬೇರೆ. ಬರೀ ಸೋಶಿಯಲ್ ಸೆಕ್ಯುರಿಟಿಯಲ್ಲಿ ಬದುಕುವ ಮುದುಕರು ಎಷ್ಟೋ ಜನ ರಿಟರ್ನೇ ಹಾಕುವುದಿಲ್ಲ. ಟ್ರ್ಯಾಕ್ಟರಿನ ಸವಕಳಿ ಕಳೆದ ಮೇಲೆ ಒಳ್ಳೆಯ ರೈತನ ಆದಾಯ ಕಾಗದದ ಮೇಲೆ ಸೊನ್ನೆಗೂ ಇಳಿಯಬಹುದು. ಬೇರೆ ಕೌಂಟಿಗಳಿಗೆ ಸರಿಹೊಂದಿದ ಸಂಬಂಧ ನಿಮ್ಮಲ್ಲಿ ಹೊಂದದೇ ಇರಲು ಕಾರಣ ಏನಾದರೂ ಇದೆಯೇ? ಹೋದ ವರ್ಷ ಮಾಂಸದ ಕಾರ್ಖಾನೆ ಮುಚ್ಚಿತೇ? ಹೊಸ ಜೈಲು ಬಂತೇ? ಇದನ್ನು ವಾಷಿಂಗ್ಟನ್ನಿನಲ್ಲಿ ಕುಳಿತವರು ಹೇಳಲಾರರು, ನಿಮ್ಮ ಊರಿನ ಡೈನರಿನಲ್ಲಿ ಬೆಳಿಗ್ಗೆ ಕಾಫಿ ಕುಡಿಯುವವರು ಹೇಳುತ್ತಾರೆ. ಹೋಗಿ ಕೂರು.

ಇನ್ನೊಂದು. ನಾಲ್ಕು ಟೌನ್‌ಶಿಪ್‌ಗಳ ಮೀಡಿಯನ್ ಕೂಡಿ ನಾಲ್ಕರಿಂದ ಭಾಗಿಸಿ ಕೌಂಟಿಯ ಮೀಡಿಯನ್ ಅಂತ ಯಾರಾದರೂ ಕೊಟ್ಟರೆ ಕೈಮುಗಿದು ವಾಪಸ್ ಕೊಡು. ಮೀಡಿಯನ್‌ಗಳನ್ನು ಕೂಡಲು ಬರುವುದಿಲ್ಲ, ಜನಸಂಖ್ಯೆಯ ತೂಕ ಕಟ್ಟಿದರೂ ಬರುವುದಿಲ್ಲ. ಕೂಡಲು ಬರುವುದು ಮನೆಗಳನ್ನು. ಎಸಿಎಸ್‌ನಲ್ಲಿ 16 ಆದಾಯದ ಪಟ್ಟಿಗಳಿಗೆ ಹಂಚಿದ ಮನೆಗಳ ಕೋಷ್ಟಕ ಇದೆ, ಬಿ19001 ಅದರ ನಂಬರ್. ಪ್ರದೇಶಗಳನ್ನು ಪಟ್ಟಿವಾರು ಕೂಡು. ಒಟ್ಟು 1,000 ಮನೆ, 50,000ಕ್ಕಿಂತ ಕೆಳಗೆ 430, 50,000ದಿಂದ 60,000ದೊಳಗೆ 140 ಬಂದವು ಎಂದಿಟ್ಟುಕೋ. ನಡುವಿನದು 500ನೆಯ ಮನೆ. ಆ ಪಟ್ಟಿಯೊಳಗೆ 70 ಮನೆ ನಡೆಯಬೇಕು, 140ರಲ್ಲಿ ಅರ್ಧ. ಮೀಡಿಯನ್ 55,000. ಪಟ್ಟಿ ಅಗಲವಾದಷ್ಟೂ ಇದು ಒರಟಾಗುತ್ತದೆ, ಆದರೆ ತಪ್ಪು ದಾರಿಯಲ್ಲ.

ವರ್ಷಗಳನ್ನು ಹೋಲಿಸುವಾಗ ಕೌಂಟಿಗಳ ಹೆಸರು, ಗಡಿಗಳನ್ನೂ ನೋಡಿಕೋ. ಸೌತ್ ಡಕೋಟಾದ ಶ್ಯಾನನ್ ಕೌಂಟಿ 2015ರಲ್ಲಿ ಓಗ್ಲಾಲಾ ಲಕೋಟ ಆಯಿತು, ಕೋಡ್ ನಂಬರೂ ಬದಲಾಯಿತು. ಹಳೆಯ ಫೈಲನ್ನು ಹೊಸದಕ್ಕೆ ಜೋಡಿಸಿದರೆ ಆ ಸಾಲು ಸದ್ದಿಲ್ಲದೆ ಉದುರುತ್ತದೆ. ಕನೆಕ್ಟಿಕಟ್‌ನಲ್ಲಿ ಎಂಟು ಕೌಂಟಿಗಳ ಜಾಗಕ್ಕೆ ಒಂಬತ್ತು ಪ್ಲ್ಯಾನಿಂಗ್ ರೀಜನ್‌ಗಳನ್ನೇ ಬ್ಯೂರೋ ಒಪ್ಪಿಕೊಂಡಿದೆ.

ಕಡೆಗೆ, ಈ ನಂಬರ್ ಯಾತಕ್ಕೆ ಎಂದು ನಿನ್ನ ಮೇಲಿನವರನ್ನು ಕೇಳಿದೆಯಾ? ನನ್ನ ಊಹೆ, ನೀರಿನ ಪೈಪು. ಗ್ರಾಮೀಣ ನೀರಿನ ಯೋಜನೆಗೆ ಕೃಷಿ ಇಲಾಖೆ ಸಾಲ, ಅನುದಾನ ಕೊಡುವಾಗ ಆ ಪ್ರದೇಶದ ಹೌಸ್‌ಹೋಲ್ಡ್ ಮೀಡಿಯನ್ನನ್ನು ರಾಜ್ಯದ ನಗರೇತರ ಮೀಡಿಯನ್ನಿಗೆ ಹೋಲಿಸುತ್ತದೆ. ಹಾಗಿದ್ದರೆ ಯಾವ ನಂಬರ್ ಒಳ್ಳೆಯದು ಎಂಬ ನಮ್ಮ ಚರ್ಚೆಯೆಲ್ಲ ಬದಿಗೆ: ಯಾವ ಸರ್ವೆ, ಯಾವ ವರ್ಷ ಎನ್ನುವುದು ಅವರ ನಿಯಮದಲ್ಲೇ ಇರುತ್ತದೆ, ಅದನ್ನೇ ಕೊಡು. ಸಮುದಾಯ ಅಭಿವೃದ್ಧಿಗೆ ಕೊಡುವ ಬ್ಲಾಕ್ ಗ್ರ್ಯಾಂಟ್ ಆದರೆ ಹಡ್‌ನದ್ದು ಬೇರೆ ಲೆಕ್ಕ, ಫಲಾನುಭವಿಗಳಲ್ಲಿ ಶೇ. 51 ಮಂದಿ ಕಡಿಮೆ ಅಥವಾ ಸಾಧಾರಣ ಆದಾಯದವರಿರಬೇಕು. ಅಲ್ಲಿ ಎಸಿಎಸ್ ನಿಮ್ಮ ಊರನ್ನು ತಪ್ಪಾಗಿ ತೋರಿಸುತ್ತಿದೆ ಅನ್ನಿಸಿದರೆ, ಅವರು ಹೇಳಿದ ಕ್ರಮದಲ್ಲಿ ನೀವೇ ಮನೆಮನೆ ಸರ್ವೆ ಮಾಡಿ ತೋರಿಸಲೂ ಅವಕಾಶವಿದೆ. ಕಷ್ಟದ ಕೆಲಸ, ಬಾಗಿಲು ತೆರೆದು ಸಂಬಳ ಹೇಳುವವರು ಕಡಿಮೆ.

ಚರಂಡಿ ದರ ಏರಿಸುವುದಕ್ಕಾದರೆ ಇನ್ನೂ ಹುಷಾರಾಗಿರು. 2023ರವರೆಗೆ ಚಾಲ್ತಿಯಲ್ಲಿದ್ದ, ಪರಿಸರ ಸಂರಕ್ಷಣಾ ಏಜೆನ್ಸಿಯ 1997ರ ಮಾರ್ಗಸೂಚಿ ಪ್ರಕಾರ ಚರಂಡಿಯ ಬಿಲ್ಲು ಮೀಡಿಯನ್ ಆದಾಯದ ಶೇ. 2 ದಾಟಿದರೆ ಹೊರೆ ಜಾಸ್ತಿ ಎಂದರ್ಥವಾಗಿತ್ತು. 48,000ಕ್ಕೆ ಶೇ. 2 ಅಂದರೆ ವರ್ಷಕ್ಕೆ 960 ಡಾಲರ್, ನಡುವಿನ ಮನೆ ಕಟ್ಟಬಹುದು. ವರ್ಷಕ್ಕೆ 18,000ದಲ್ಲಿ ಬದುಕುವ ಮನೆಗೆ ಅದೇ ಬಿಲ್ಲು ಶೇ. 5 ದಾಟುತ್ತದೆ. ಮೀಡಿಯನ್ ಅವರ ಬಗ್ಗೆ ಏನೂ ಹೇಳುವುದಿಲ್ಲ, ಹೇಳುವುದು ಅದರ ಕೆಲಸವೂ ಅಲ್ಲ. ಅದಕ್ಕೆ ಬಿ19001ರ ಕೆಳಗಿನ ಪಟ್ಟಿಗಳನ್ನು ಪಕ್ಕದಲ್ಲಿಡು.

ಶುಕ್ರವಾರಕ್ಕೆ ಒಂದೇ ಸಾಲು ಬೇಕೇಬೇಕು ಅಂದರೆ, ನಿಯಮ ಯಾವುದನ್ನೂ ಕಟ್ಟಿಹಾಕಿಲ್ಲದಿದ್ದರೆ, ನಾನಾಗಿದ್ದರೆ ಎಸ್‌ಎಐಪಿಇಯ ನಂಬರನ್ನು ಅದರ ಶೇ. 90ರ ಕೆಳಮಿತಿ ಮೇಲ್ಮಿತಿ ಸಮೇತ ಬರೆದು, ಕೆಳಗಿನ ಸಾಲಿನಲ್ಲಿ ಐದು ವರ್ಷದ ಎಸಿಎಸ್ ಅನ್ನು ಪ್ಲಸ್-ಮೈನಸ್ ಸಮೇತ ಹಾಕುತ್ತೇನೆ. ಎರಡೂ ದೂರದೂರ ಇದ್ದರೆ ಕಳಿಸುವ ಮೊದಲು ನನಗೆ ಫೋನ್ ಮಾಡು. ಒಂಬತ್ತರ ಒಳಗೆ ಮಾಡು, ಆಮೇಲೆ ನಿನ್ನ ಅತ್ತೆ ಫೋನ್ ಎತ್ತಲು ಬಿಡುವುದಿಲ್ಲ.